ಹರಿಹರದಲ್ಲಿ ಬಿಚ್ಚಿಟ್ಟ ಇಂಜಿನ್

ಜೂನ್ ೨೬, ಗುರುವಾರ

ಹುಲ್ಲು ಕತ್ತರಿಸುವ ಯಂತ್ರ ಇಂದು ನಿಂತಿತು. ವಿಶಾಲಾಕ್ಷಿ ಹರಿಹರಕ್ಕೆ ಹೋದಳು.

ಯಂತ್ರದ್ದು ಮೊದಲು ಬರೆಯುತ್ತೇನೆ. ಹಗ್ಗ ಎಳೆದರೆ ಮುಂಚೆ ಕೈಗೆ ಒಂದು ಬಿಗಿ ಸಿಗುತ್ತಿತ್ತು, ಒಳಗೆ ಯಾರೋ ಇನ್ನೊಂದು ತುದಿ ಹಿಡಿದಿರುವ ಹಾಗೆ. ಇವತ್ತು ಹಗ್ಗ ಸುಮ್ಮನೆ ಬಂತು. ನೀಲಿ ಹೊಗೆ ಬಂತು, ಆಮೇಲೆ ಅದೂ ಬರಲಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ನಮ್ಮ ಕಲ್ಯಾಣ ಮಂಟಪ ಖಾಲಿ, ಆದ್ದರಿಂದ ತುರ್ತೇನಿಲ್ಲ. ಆದರೆ ಲಾನಿನ ಹುಲ್ಲು ಪಂಚಾಂಗ ನೋಡಿ ಬೆಳೆಯುವುದಿಲ್ಲ.

ನಾನು ಹಗ್ಗ ಎಳೆಯುತ್ತಿರುವಾಗ ವಿಶಾಲಾಕ್ಷಿ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಆಷಾಢ ಅಲ್ಲೇನ್ರಿ. ತವರಿಗೆ ಹೋಗ್ತೀನಿ" ಎಂದಳು.

"ಹ್ಞೂಂ" ಎಂದೆ.

ಆಷಾಢಕ್ಕೆಂದು ತವರಿಗೆ ಹೋಗುವುದು ಹೊಸ ಮದುವಣಗಿತ್ತಿಯರು. ನಮ್ಮ ಮಗಳು ಕೃತಿಕಾಳೇ ಹುಬ್ಬಳ್ಳಿಯಲ್ಲಿ ಕಾಲೇಜು ಓದುತ್ತಿದ್ದಾಳೆ. ಇದು ನನಗೆ ಹೊಳೆದು ರಸ್ತೆಗೆ ಬರುವಷ್ಟರಲ್ಲಿ ಹರಿಹರದ ಬಸ್ಸು ಹೋಗಿತ್ತು. ತಿರುಗಿ ಬಂದು ಇನ್ನೊಮ್ಮೆ ಹಗ್ಗ ಎಳೆದೆ.

ಜೂನ್ ೨೮, ಶನಿವಾರ

ಅಣ್ಣ ನಾಗರಾಜಪ್ಪ ಬಂದಿದ್ದ. ಮಂಟಪ ನಮ್ಮಿಬ್ಬರದೂ ಹೌದು. ಹಿಂದಿನ ಮನೆಯಲ್ಲಿರುವವನು ನಾನು, ಬಂದು ಹೇಳಿ ಹೋಗುವವನು ಅವನು.

"ಹೊಸದು ತಗಂಡ್ ಬಿಡೋ ಭೂಷಣ. ಕರೂರಾಗೆ ನೌಮಾನ್ ಅಂತ ಒಬ್ಬ ಅದಾನೆ, ಬ್ಯಾಟರಿದು ಮಾರ್ತಾನೆ. ಹೊಗಿ ಇಲ್ಲ, ಸದ್ದಿಲ್ಲ."

"ನೋಡೋಣ" ಎಂದೆ.

"ವಿಶಾಲಾಕ್ಷಿ ಕಾಣವಲ್ಲಳು?"

"ಆಷಾಢಕ್ಕೆ ಹೋಗಿದಾಳೆ."

ಅಣ್ಣ ಬಹಳ ಹೊತ್ತು ಹುಲ್ಲು ನೋಡಿದ.

ನೋಡೋಣ ಎನ್ನುವುದು ನನ್ನ ಅಭ್ಯಾಸ. ಇಲ್ಲ ಎಂದರೆ ಜಗಳ, ಹೌದು ಎಂದರೆ ಕೆಲಸ. ಯುಗಾದಿಯ ಮರುದಿನ ವಿಶಾಲಾಕ್ಷಿ ಹಿಂದಿನ ಕೋಣೆ ಕೇಳಿದ್ದಳು. ಅದಕ್ಕೆ ರಸ್ತೆಯ ಕಡೆ ಬಾಗಿಲಿದೆ, ನಲ್ಲಿಯಿದೆ; ರೊಟ್ಟಿ ಕೇಂದ್ರ ಮಾಡುತ್ತೇನೆ ಎಂದಿದ್ದಳು. ನೋಡೋಣ ಎಂದಿದ್ದೆ. ಬಸವ ಜಯಂತಿಗೆ ಮತ್ತೆ ಕೇಳಿದಳು. ಕೋಣೆಯಲ್ಲಿ ಯಂತ್ರವಿತ್ತು. ಮೇ ತಿಂಗಳ ಮದುವೆಗಳಲ್ಲಿ ಮುರಿದ ಕುರ್ಚಿಗಳು ಹೆಚ್ಚಾದವು, ಅವನ್ನೂ ಅಲ್ಲೇ ಇಟ್ಟೆ. ಆಮೇಲೆ ಅವಳು ಕೇಳಲಿಲ್ಲ. ಆ ವಿಷಯ ಮುಗಿಯಿತೆಂದು ತಿಳಿದುಕೊಂಡಿದ್ದೆ.

ಜುಲೈ ೨, ಬುಧವಾರ

ದಾವಣಗೆರೆಯ ಅಂಚಿನಲ್ಲಿರುವ ನಮಗೆ ಕರೂರು ಹತ್ತಿರ. ಹರಿಹರ ದೂರ. ಇಂಜಿನ್ ಬಿಚ್ಚಿ ಗೋಣಿಚೀಲದಲ್ಲಿ ಹಾಕಿಕೊಂಡು ಹರಿಹರಕ್ಕೆ ಹೋದೆ.

ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಹಯಾತ್ ಸಾಬರ ಗ್ಯಾರೇಜಿದೆ. ಪಂಪ್‌ಸೆಟ್, ಟಿಲ್ಲರ್, ಔಷಧಿ ಹೊಡೆಯುವ ಯಂತ್ರ, ಏನು ಕೊಟ್ಟರೂ ಬಿಚ್ಚುತ್ತಾರೆ. ಕೂಡಿಸುವುದರಲ್ಲಿ ಅವರಿಗೆ ಅಷ್ಟು ಆಸಕ್ತಿಯಿಲ್ಲ ಎಂದು ಜನ ಹೇಳುತ್ತಾರೆ. ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ಮೂಸಿ ನೋಡಿದರು.

"ಯಾರ ಕೈಯಾಗೆ ಇತ್ತಿದು?"

"ನನ್ನ ಕೈಯಲ್ಲೇ."

"ಅದಕ್ಕೇ ಮತ್ತೆ. ಪಿಸ್ಟನ್ ರಿಂಗ್ ಹೋಗ್ಯಾವೆ, ಬೋರ್ ಸವದೈತೆ. ಎಣ್ಣಿ ಕುಡಿತೈತೆ, ಕೆಲಸ ಮಾಡಲ್ಲ. ನಮ್ ತಮ್ಮ ಇದ್ದಂಗೆ."

ರಿಪೇರಿಯಾಗುತ್ತದೋ, ಹೊಸದು ಕೊಳ್ಳಬೇಕೋ ಎಂದು ಕೇಳಿದೆ.

"ಬಿಚ್ಚಿ ನೋಡಿ ಹೇಳ್ತೀನಿ, ಸಾವ್ಕಾರ್ರೇ."

"ಬಿಚ್ಚಿದೀರಲ್ಲ."

"ಇದು ಬರೀ ಟೋಪಿ ತೆಗ್ದಿದ್ದು."

ಹೊರಬಂದಾಗ ಮಳೆ ಹಿಡಿಯಿತು. ಅತ್ತೆ ಮನೆ ಅಲ್ಲಿಂದ ದೂರವಿಲ್ಲ, ದೇವಸ್ಥಾನದ ಹಿಂದಿನ ಓಣಿ. ದೂರವಿಲ್ಲ ಎಂದರೆ ಬಸ್ ನಿಲ್ದಾಣಕ್ಕಿಂತ ದೂರ. ಅತ್ತೆ ಬಸವಣ್ಣೆಮ್ಮ "ಬರ್ರಿ, ಕೂಡ್ರಿ" ಎಂದರು. ವಿಶಾಲಾಕ್ಷಿ ಚಹಾ ತಂದಳು.

"ಇಂಜಿನ್ ಕೊಡಾಕೆ ಬಂದಿದ್ದೆ" ಎಂದೆ.

"ಹೌದಾ" ಎಂದಳು.

ಚಹಾ ಚೆನ್ನಾಗಿತ್ತು.

ಜುಲೈ ೫, ಶನಿವಾರ

ಮಳೆ. ಸಾರಿಗೆ ಹುಣಸೆಹಣ್ಣು ಯಾವ ಡಬ್ಬಿಯಲ್ಲಿದೆ ಎಂದು ಫೋನ್ ಮಾಡಿ ಕೇಳಬಹುದಿತ್ತು. ಹುಣಸೆಹಣ್ಣಿಲ್ಲದೆ ಮಾಡಿದೆ.

ಜುಲೈ ೮, ಮಂಗಳವಾರ

ಇಂಜಿನ್ ವಿಚಾರಿಸಲು ಹರಿಹರಕ್ಕೆ ಹೋದೆ. ಫೋನಿನಲ್ಲಿ ಕೇಳಿದರೆ ಹಯಾತ್ ಸಾಬರು ಸರಿಯಾಗಿ ಹೇಳುವುದಿಲ್ಲ. ಎದುರಿಗೆ ಹೋದರೂ ಹೇಳಲಿಲ್ಲ. ಇಂಜಿನಿನ ಭಾಗಗಳು ಒಂದು ಹರಿವಾಣದಲ್ಲಿದ್ದವು. ಅವರ ಹೆಂಡತಿ ದಿಲ್ಷಾದ್ ಬೇಗಂ ಊಟದ ಡಬ್ಬಿ ತಂದವರು ಅದನ್ನು ಇಡಲು ಜಾಗ ಸಿಗದೆ ನಿಂತಿದ್ದರು.

"ಅದು ಸತ್ತೈತ್ರೀ" ಎಂದರು ನನಗೆ. "ಇವ್ರಿಗೆ ಒಪ್ಪಾಕೆ ಮನಸಿಲ್ಲ. ಹೊಸದು ತಗಳ್ರಿ."

"ನೀ ಸುಮ್ನಿರು. ಹೊಸದೂ ಒಂದಿನ ಹಳೇದು ಆಗ್ತೈತೆ" ಎಂದರು ಹಯಾತ್ ಸಾಬರು.

"ನೀವು ಬಿಚ್ಚಿದ್ರೆ ಅವತ್ತೇ ಆಗ್ತೈತೆ."

ಊಟದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹರಿವಾಣ ಸರಿಸಿದರು. ಡಬ್ಬಿ ವಾಪಸು ತೆಗೆದುಕೊಳ್ಳುತ್ತ, "ಅಕ್ಕಾರು ಇಲ್ಲೇ ಅದಾರಂತಲ್ರೀ. ಚಲೋ ರೊಟ್ಟಿ ಮಾಡ್ತಾರೆ" ಎಂದರು.

ನನಗಿದು ಹೊಸ ಸುದ್ದಿ. ರೊಟ್ಟಿ ಚೆನ್ನಾಗಿ ಮಾಡುತ್ತಾಳೆಂಬುದಲ್ಲ. ಅದು ದಿಲ್ಷಾದ್ ಬೇಗಂಗೆ ಗೊತ್ತಿರುವುದು.

ಅತ್ತೆ ಮನೆಯ ಓಣಿಗೆ ತಿರುಗುತ್ತಿದ್ದಂತೆ ಹಿತ್ತಲಿಂದ ರೊಟ್ಟಿ ಬಡಿಯುವ ಸದ್ದು. ಒಂದೇ ಲಯ. ಈ ಸದ್ದಿಗೆ ನಾನು ಇಷ್ಟು ವರ್ಷ ಎದ್ದಿದ್ದೇನೆ, ಕೇಳಿದ್ದೇನೆಂದು ಹೇಳಲಾರೆ. ರೊಟ್ಟಿಗಳು ಮಲೆಬೆನ್ನೂರು ಕಡೆಯ ಒಂದು ಖಾನಾವಳಿಗೆ ದಿನಾ ಹೋಗುತ್ತವಂತೆ. ಗಿರಾಕಿ ಬಂದು ನಿಂತಿದ್ದ. ಅವಳಿಗೆ ನನ್ನ ಕಡೆ ನೋಡಲು ಬಿಡುವಿರಲಿಲ್ಲ. ಒಣಗಿದ ರೊಟ್ಟಿಗಳನ್ನು ಕಾಗದದಲ್ಲಿ ಸುತ್ತಿ ದಾರ ಕಟ್ಟಿಕೊಟ್ಟೆ, ಸುಮ್ಮನೆ ಕೂತಿದ್ದೆನಾದ್ದರಿಂದ.

"ಗಂಟು ಹಿಂಗಲ್ರಿ, ಬಿಚ್ಚಾಕೆ ಬರ್ಬೇಕು" ಎಂದಳು.

ಜುಲೈ ೧೩, ಭಾನುವಾರ

ಹುಲ್ಲು ಮೊಣಕಾಲಿಗೆ ಬಂದಿದೆ. ಶ್ರಾವಣದ ಮದುವೆಗೆ ಮಂಟಪ ನೋಡಲು ಬಂದವರೊಬ್ಬರು ಇದು ಲಾನಾ, ಹೊಲವಾ ಎಂದು ಕೇಳಿದರಂತೆ. ಅಣ್ಣ ಫೋನಿನಲ್ಲಿ ಹಾಗೆಂದು ಹೇಳಿ ಉಸಿರು ಬಿಟ್ಟ.

ದಾರಿಯಲ್ಲಿ ಹೋಗುತ್ತಿದ್ದ ಕುರಿಯ ಮೈಲಮ್ಮನನ್ನು ಕರೆದೆ. ಕುರಿಗಳು ಒಳಗೆ ಬಂದವು, ಹುಲ್ಲನ್ನು ಮೂಸಿದವು, ನಡೆದು ಹೋಗಿ ಅಲಂಕಾರಕ್ಕೆಂದು ಬೆಳೆಸಿದ್ದ ದಾಸವಾಳವನ್ನು ಬುಡದವರೆಗೆ ತಿಂದವು.

"ಪ್ಯಾಟಿ ಹುಲ್ಲು ನೋಡ್ರಿ. ರುಚಿ ಇಲ್ಲ" ಎಂದಳು ಮೈಲಮ್ಮ. "ಅಮ್ಮಾರು ಎಲ್ಲಿ?"

"ಆಷಾಢಕ್ಕೆ ಹೋಗಿದಾರೆ."

ಮೈಲಮ್ಮ ಸೆರಗು ಬಾಯಿಗೆ ಹಿಡಿದಳು. ಭುಜ ಕುಣಿಯುತ್ತಿತ್ತು.

"ಈ ವಯಸ್ಸಿನಾಗೆ ಆಷಾಢ. ಪುಣ್ಯವಂತ್ರಪ್ಪ ನೀವು."

ಕುರಿಗಳು ಬಿಟ್ಟು ಹೋದದ್ದನ್ನು ಸಂಜೆಯವರೆಗೂ ಗುಡಿಸಿದೆ.

ಜುಲೈ ೧೬, ಬುಧವಾರ

ಹರಿಹರ. ಹುಬ್ಬಳ್ಳಿಯಿಂದ ರಿಂಗ್ ಬರಬೇಕಂತೆ. ರಿಪೇರಿ ಆಗುತ್ತದೆಯೇ ಎಂದರೆ ಹಯಾತ್ ಸಾಬರು "ಅವಸರ ಐತೇನು?" ಎಂದು ಕೇಳಿದರು. ಯೋಚಿಸಿ, ಇಲ್ಲ ಎಂದೆ.

ವಿಶಾಲಾಕ್ಷಿಗೆ ದಾವಣಗೆರೆಯ ಒಂದು ಹಾಸ್ಟೆಲಿನಿಂದ ಬೇಡಿಕೆ ಬಂದಿದೆ. ಕಳಿಸಲು ಯಾರೂ ಇರಲಿಲ್ಲ. ಕಟ್ಟನ್ನು ನಾನೇ ತಂದು ಮುಟ್ಟಿಸಿದೆ, ದಾರಿಯಲ್ಲೇ ಇತ್ತಾದ್ದರಿಂದ. ಹಾಸ್ಟೆಲ್ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಬಸ್ಸಿನಲ್ಲಿ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ, ಬಿಸಿ ಆರಿರಲಿಲ್ಲ. ಅಡುಗೆಯವಳು ದಾರ ಎಳೆದಳು, ಗಂಟು ಸಲೀಸಾಗಿ ಬಿಚ್ಚಿತು.

ಜುಲೈ ೨೦, ಭಾನುವಾರ

ಇಂಜಿನ್ ಇಲ್ಲದ ಯಂತ್ರ ಬರೀ ಚಕ್ರಗಳು, ಒಂದು ಹಿಡಿ. ಅದನ್ನು ಹೊರಗೆ ಗೋಡೆಗೆ ಒರಗಿಸಿದೆ. ಆಗ ಹಿಂದಿನ ಕೋಣೆಯ ನೆಲ ಕಂಡಿತು. ಯಂತ್ರ ನಿಂತ ಜಾಗದಲ್ಲಿ ಎಣ್ಣೆಯ ಕಪ್ಪು ಕಲೆ. ಡೀಸೆಲ್ ಹಾಕಿ ತಿಕ್ಕಿದೆ, ಕಟ್ಟಿಗೆ ಪುಡಿ ಚೆಲ್ಲಿ ಬಿಟ್ಟೆ. ಕಲೆ ತುಸು ತಿಳಿಯಾಯಿತು, ಹೋಗಲಿಲ್ಲ.

ಮುರಿದ ಕುರ್ಚಿಗಳನ್ನು ಗುಜರಿಯವನು ಒಯ್ದ. ಅವು ಹೋದ ಮೇಲೆ ಗೋಡೆಯ ತೇವ ಕಂಡಿತು. ತೇವಕ್ಕೆ ಸುಣ್ಣ ಬಳಿಯಬೇಕು. ಒಂದು ಗೋಡೆಗೆ ಬಳಿದರೆ ಉಳಿದ ಮೂರು ಕೊಳಕಾಗಿ ಕಾಣುತ್ತವೆ.

ಹೊಗೆ ಹೋಗಲು ಮೇಲೆ ಒಂದು ಕಿಂಡಿ ಇದ್ದರೆ ಒಳ್ಳೆಯದು. ಯಂತ್ರ ಹೊಗೆ ಬಿಡುತ್ತದೆ.

ಜುಲೈ ೨೪, ಗುರುವಾರ

ಭೀಮನ ಅಮಾವಾಸ್ಯೆ. ಹೆಂಡತಿಯರು ಗಂಡಂದಿರ ಪಾದಪೂಜೆ ಮಾಡುವ ದಿನ. ನನ್ನ ಕಾಲಿಗೆ ಮೊಣಕಾಲಿನವರೆಗೆ ಸುಣ್ಣ ಮೆತ್ತಿತ್ತು. ನಾನೇ ತಿಕ್ಕಿ ತೊಳೆದೆ.

ಕೃತಿಕಾ ಫೋನ್ ಮಾಡಿದ್ದಳು.

"ಅಪ್ಪಾಜಿ, ಅವ್ವನ್ ಜೊತೆ ಮಾತಾಡಿದ್ರಾ?"

"ಹೋದಾಗೆಲ್ಲ ಮಾತಾಡ್ತೀನಿ."

"ಏನ್ ಮಾತಾಡ್ತೀರಿ?"

"ಇಂಜಿನ್ ವಿಷಯ."

ಆ ಕಡೆ ಫೋನ್ ಕಟ್ಟಾಯಿತು. ನೆಟ್‌ವರ್ಕ್ ಹೋಗಿರಬೇಕು.

ಜುಲೈ ೨೫, ಶುಕ್ರವಾರ

ಶ್ರಾವಣ ಹುಟ್ಟಿತು. ಆಷಾಢಕ್ಕೆ ಹೋದವರು ಆಷಾಢ ಮುಗಿದ ಮೇಲೆ ಬರುತ್ತಾರೆ. ಬೆಳಿಗ್ಗೆ ಮನೆ ಗುಡಿಸಿ ಎರಡು ಪಾಕೀಟು ಹಾಲು ತಂದೆ. ಹರಿಹರದ ಕಡೆಯಿಂದ ಬರುವ ಬಸ್ಸುಗಳು ನಮ್ಮ ಗೇಟಿನೆದುರು ನಿಲ್ಲುತ್ತವೆ. ಗೇಟಿನ ಚಿಲಕಕ್ಕೆ ಎಣ್ಣೆ ಬಿಡುವ ಕೆಲಸವಿತ್ತು, ಅಲ್ಲೇ ಇದ್ದೆ.

ಸಂಜೆ ಒಂದು ಪಾಕೀಟು ಹೆಪ್ಪು ಹಾಕಿದೆ.

ಜುಲೈ ೨೬, ಶನಿವಾರ

ಮೊಸರು ಚೆನ್ನಾಗಿ ಬಂದಿದೆ.

ಪಂಚಮಿ ಹತ್ತಿರವಿದೆ. ಪಂಚಮಿಗೆ ಹೆಣ್ಣುಮಕ್ಕಳು ತವರಲ್ಲಿರುವುದು ಪದ್ಧತಿ. ಅದಕ್ಕೇ ನಿಂತಿರಬೇಕು. ಪಂಚಮಿಯ ನಂತರ ಪಂಚಾಂಗದಲ್ಲಿ ಇಂಥ ಕಾರಣಗಳಿಲ್ಲ.

ಜುಲೈ ೩೦, ಬುಧವಾರ

ಇವತ್ತಿನದು ಉದ್ದ ಬರೆಯಬೇಕಾಗಿದೆ.

ರಿಂಗ್ ಬಂದಿತ್ತು, ಅಳತೆ ತಪ್ಪಿತ್ತು. ಹಯಾತ್ ಸಾಬರು ಅದನ್ನು ಉಂಗುರದ ಹಾಗೆ ಬೆಳಕಿಗೆ ಹಿಡಿದು, ಹುಬ್ಬಳ್ಳಿಯವರಿಗೆ ಕಣ್ಣಿಲ್ಲ ಎಂದರು. ಅಳತೆ ಬರೆದು ಕಳಿಸಿದ್ದು ಇವರೇ ಎಂದು ದಿಲ್ಷಾದ್ ಬೇಗಂ ಒಳಗಿನಿಂದ ಹೇಳಿದರು.

ಅತ್ತೆ ಮನೆಯಲ್ಲಿ ಹಿತ್ತಲ ಗೋಡೆಗೆ ಹೊಸ ತಗಡಿನ ಶೀಟುಗಳು ಒರಗಿದ್ದವು. ವಿಶಾಲಾಕ್ಷಿಯ ತಮ್ಮ ಬಕ್ಕೇಶ್ ಅಳತೆಯ ಟೇಪು ಹಿಡಿದು ಓಡಾಡುತ್ತಿದ್ದ.

"ಏನು ಕಟ್ತಾ ಇದೀಯ?" ಎಂದೆ.

"ಅಕ್ಕನಿಗೆ ಶೆಡ್, ಭಾವ. ಅಡುಗೆಮನ್ಯಾಗೆ ಸಾಕಾಗವಲ್ದು. ಇನ್ನಿಬ್ಬರನ್ನ ಕೆಲಸಕ್ಕೆ ತಗಂತಾಳೆ."

ಒಳ್ಳೆಯ ಶೀಟು. ಬಹಳ ವರ್ಷ ಬಾಳುತ್ತದೆ. ಹಾಗೆಂದು ಬಕ್ಕೇಶನಿಗೂ ಹೇಳಿದೆ.

ಅತ್ತೆ ತಟ್ಟೆಯಲ್ಲಿ ಪಂಚಮಿಯ ಉಂಡಿ ಇಟ್ಟು ಎದುರು ಕುಳಿತರು.

"ಆಷಾಢ ಮುಗೀತು. ಪಂಚಮಿನೂ ಆತು. ಮಗಳನ್ನ ಕರ್ಯಾಕೆ ಯಾರೂ ಬರ್ಲಿಲ್ಲೇನು ಅಂತ ಓಣ್ಯಾಗೆ ಕೇಳ್ತಾರೆ."

"ನಾನು ಬರ್ತಾನೇ ಇದೀನಲ್ಲ, ಅತ್ತೆ."

"ನೀವು ಇಂಜಿನ್‌ಗೆ ಬರ್ತೀರಿ" ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಉಂಡಿ ತಿನ್ನಿರಿ ಎನ್ನುವ ದನಿಯಲ್ಲೇ ಹೇಳಿದರು.

ಮದುವೆಯಾದ ಮೊದಲ ಆಷಾಢ ಮುಗಿದಾಗ ಅವಳನ್ನು ಕರೆತರಲು ಅಪ್ಪ, ಅಣ್ಣ, ನಾನು ಮೂವರೂ ಹೋಗಿದ್ದೆವು. ಕರೆಯದೆ ಯಾವ ಹೆಣ್ಣುಮಗಳೂ ತಾನಾಗಿ ಗಂಟುಮೂಟೆ ಕಟ್ಟಿಕೊಂಡು ಬರುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಅವಳು ಅಲ್ಲಿ ಕರೆಯಲು ಬರುತ್ತೇನೆಂದು ಕಾದಳು, ನಾನು ಇಲ್ಲಿ ಗೇಟಿಗೆ ಎಣ್ಣೆ ಬಿಟ್ಟೆ. ಈಗಲೂ ಕಾಯುತ್ತಿದ್ದಾಳೋ ಇಲ್ಲವೋ ಶೀಟು ನೋಡಿದರೆ ಹೇಳುವುದು ಕಷ್ಟ.

ಹಿತ್ತಲಲ್ಲಿ ರೊಟ್ಟಿಯ ಸದ್ದು ನಡೆದೇ ಇತ್ತು. ಹೇಳಿ ಹೋಗಲು ಬಾಗಿಲವರೆಗೆ ಹೋದೆ. "ರಿಂಗ್ ಅಳತೆ ತಪ್ಪೈತಂತೆ" ಎಂದೆ.

"ಹೌದಾ" ಎಂದಳು.

ಜುಲೈ ೩೧, ಗುರುವಾರ

ಅಣ್ಣ ನನ್ನನ್ನು ಕೇಳದೆ ಹೊಸ ಯಂತ್ರ ತರಿಸಿದ. ನೌಮಾನ್ ತನ್ನ ಗಾಡಿಯಲ್ಲೇ ತಂದು ಓಡಿಸಿ ತೋರಿಸಿದ. ನಿಜಕ್ಕೂ ಸದ್ದಿಲ್ಲ. ಹುಲ್ಲು ತಾನಾಗಿ ಬೀಳುತ್ತಿದೆಯೇನೋ ಅನ್ನಿಸುತ್ತದೆ. ಅರ್ಧ ಗಂಟೆಯಲ್ಲಿ ಅರ್ಧ ಲಾನು ಮುಗಿಯಿತು; ಇಷ್ಟು ದಿನ ಯಾತಕ್ಕೆ ಒದ್ದಾಡಿದೆವು ಎಂಬ ಪ್ರಶ್ನೆ ಅಣ್ಣನ ಮುಖದಲ್ಲಿತ್ತು.

"ಹಿಂದಿನ ಕೋಣಿ ಬಳಿದು ಇಟ್ಟೀಯಲ್ಲ, ಭೇಷಾತು. ಅಲ್ಲೇ ಇಡು" ಎಂದ.

"ಅಲ್ಲಿ ಬ್ಯಾಡ."

"ಯಾಕ?"

"ಅದು ವಿಶಾಲಾಕ್ಷಿದು."

"ಅಕಿ ಇಲ್ಲೇ ಇಲ್ವಲ್ಲೋ."

"ಕೋಣೆ ಐತೆ."

ಅಣ್ಣನಿಗೆ ಹಿಂದೆಂದಾದರೂ ಇಲ್ಲ ಎಂದದ್ದು ನನಗೆ ನೆನಪಿಲ್ಲ. ಅವನಿಗೂ ನೆನಪಿದ್ದಂತೆ ಕಾಣಲಿಲ್ಲ. ನಾನು ಬೇರೆ ಯಾರಿಗೋ ಹೇಳಿದೆನೆಂದುಕೊಂಡು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ನೌಮಾನ್ ಹಿಡಿಯ ಮೇಲೆ ಕೈಯಿಟ್ಟು ಎಲ್ಲಿಗೆ ತಳ್ಳಲಿ ಎಂದು ಕಾಯುತ್ತಿದ್ದ. ವರನ ಕೋಣೆಗೆ ತಳ್ಳಲು ಹೇಳಿದೆ.

"ವರನ ಕೋಣ್ಯಾಗಾ?" ಎಂದ ಅಣ್ಣ.

"ಮದುವಿ ದಿನ ಹೊರಗೆ ಇಡ್ತೀನಿ."

"ಸದ್ದೇ ಮಾಡಲ್ಲ ಸರ್" ಎಂದ ನೌಮಾನ್. "ವರನಿಗೇನೂ ತೊಂದ್ರಿ ಇಲ್ಲ."

ಅಣ್ಣ ಕಾರಿನಲ್ಲಿ ಕೂತು, ಗಾಜು ಇಳಿಸಿ, ಏನೋ ಹೇಳಲು ಹೋಗಿ, ಗಾಜು ಏರಿಸಿದ.

ರಿಪೇರಿಯೋ ಹೊಸದೋ ಎಂಬುದು ಹೀಗೆ ತೀರ್ಮಾನವಾಯಿತು. ಹರಿಹರಕ್ಕೆ ಹೋಗಲು ಇನ್ನು ಕಾರಣವಿಲ್ಲ.

ಆಗಸ್ಟ್ ೧, ಶುಕ್ರವಾರ

ಹರಿಹರಕ್ಕೆ ಹೋದೆ.

ಬಸ್ ನಿಲ್ದಾಣದಲ್ಲಿ ಹೂವು ಕೊಂಡೆ. ಸೀರೆ ತೆಗೆದುಕೊಳ್ಳಬೇಕೆಂದು ಅಂಗಡಿಯೊಳಗೆ ಹೋದೆ, ಯಾವ ಬಣ್ಣ ಎಂದು ಕೇಳಿದರು, ಹೊರಗೆ ಬಂದೆ. ಸ್ಟೇಷನ್ ರಸ್ತೆಯಲ್ಲಿ ಹಯಾತ್ ಸಾಬರು ಕೈಯೆತ್ತಿ ಕೂಗಿದರು.

"ಸಾವ್ಕಾರ್ರೇ, ಇಲ್ಲಿ. ಸರಿಯಾದ ರಿಂಗ್ ಬಂದೈತೆ."

"ಇವತ್ತು ನಿಮ್ಮಲ್ಲಿಗೆ ಬಂದಿಲ್ಲ."

"ಮತ್ತೆ ಹರಿಹರಕ್ಕೆ ಯಾಕ್ ಬಂದೀರಿ?"

"ಏ, ಅವರನ್ನ ಬಿಡ್ರೀ. ಕೈಯಾಗಿನ ಹೂವು ಕಾಣವಲ್ದೇನು" ಎಂದರು ದಿಲ್ಷಾದ್ ಬೇಗಂ.

ಹೂವಿನ ಪೊಟ್ಟಣವನ್ನು ಜೇಬಿಗೆ ಹಾಕಿಕೊಳ್ಳೋಣವೆಂದರೆ ಹಿಡಿಸಲಿಲ್ಲ.

ಅತ್ತೆ ಬಾಗಿಲಲ್ಲಿದ್ದರು. ಹೂವು ನೋಡಿದರು, ದಾರಿ ಬಿಟ್ಟರು. ಹಿತ್ತಲಿಗೆ ಹೋದೆ. ವಿಶಾಲಾಕ್ಷಿ ತಲೆಯೆತ್ತದೆ ಕೇಳಿದಳು.

"ಇಂಜಿನ್ ಆತೇನ್ರಿ?"

"ಗೊತ್ತಿಲ್ಲ. ಅಲ್ಲಿಗೆ ಹೋಗಿಲ್ಲ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಆಗ ಊರಿನ ಉಳಿದ ಸದ್ದುಗಳೆಲ್ಲ ಕೇಳಿಸಿದವು.

"ಮತ್ತೆ ಯಾಕ ಬಂದ್ರಿ?"

"ಕರ್ಕೊಂಡು ಹೋಗಾಕೆ."

ಹಿಂದಿನ ಕೋಣೆಯ ಬೀಗದ ಕೈಯನ್ನು ರೊಟ್ಟಿ ಬಡಿಯುವ ಹಲಗೆಯ ಅಂಚಿನಲ್ಲಿಟ್ಟೆ. ಅದರ ಮೇಲೆ ಹಿಟ್ಟು ಕೂತಿತು. ಅವಳು ಅದನ್ನು ಮುಟ್ಟಲಿಲ್ಲ.

"ಅದರಾಗೆ ಮಷೀನ್ ಐತಲ್ಲ."

"ಇಲ್ಲ. ಕುರ್ಚಿನೂ ಇಲ್ಲ."

"ಭಾವಾರು ಹೊಸದು ತರ್ಸಿದಾರಂತೆ."

"ಅದು ವರನ ಕೋಣೆಯಾಗೈತೆ."

ಅವಳು ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಕೈ ತೆಗೆದಾಗ ಮುಖದ ಅರ್ಧ ಬೆಳ್ಳಗಿತ್ತು. ನಗು ನಿಂತ ಮೇಲೆ ಬಹಳ ಹೊತ್ತು ಹಂಚನ್ನೇ ನೋಡಿದಳು. ಹಂಚಿನ ಮೇಲಿನ ರೊಟ್ಟಿ ಸೀದಿತು.

"ಒಂದ್ ಮಾತು ಮೊದಲೇ ಹೇಳ್ತೀನಿ. ನೋಡೋಣ ಅನ್ನೋದಾದ್ರೆ ಈಗ್ಲೇ ಹೇಳಿ ಹೋಗ್ರಿ. ಬಕ್ಕೇಶ ನಾಳಿ ಕಂಬ ನೆಡ್ತಾನೆ."

"ಬ್ಯಾಡ ಅನ್ನು ಅವನಿಗೆ" ಎಂದೆ.

"ಭಾನುವಾರ ಬರ್ತೀನಿ. ಕೋಣಿ ನೋಡ್ತೀನಿ. ಆಮ್ಯಾಲೆ..." ಎಂದು ಸೀದ ರೊಟ್ಟಿ ತೆಗೆದಳು. "ನೋಡೋಣ."

ಒಬ್ಬನೇ ಬಂದೆ. ಬೀಗದ ಕೈ ಅಲ್ಲೇ ಉಳಿಯಿತು.

ಆಗಸ್ಟ್ ೩, ಭಾನುವಾರ

ಗೇಟಿನ ಹತ್ತಿರ ಕೆಲಸವಿರಲಿಲ್ಲ, ಆದರೂ ಅಲ್ಲೇ ನಿಂತಿದ್ದೆ. ಬಸ್ಸಿನಿಂದ ಅವಳು ಸಣ್ಣ ಚೀಲದೊಂದಿಗೆ ಇಳಿದಳು. ದೊಡ್ಡ ಚೀಲ ಬಕ್ಕೇಶ್ ತರುತ್ತಾನೋ ಎಂದು ಕೇಳಲಿಲ್ಲ.

ಮನೆಗೆ ಹೋಗದೆ ನೇರ ಕೋಣೆಗೆ ಹೋಗಿ ತಾನೇ ಬೀಗ ತೆಗೆದಳು. ನಲ್ಲಿ ತಿರುಗಿಸಿ ನೀರು ನೋಡಿದಳು. ಹೊಸದಾಗಿ ಕೊರೆಸಿದ್ದ ಕಿಂಡಿ ನೋಡಿದಳು. ಗೋಡೆಗೆ ಕೈಯಿಟ್ಟು, ಬೆರಳಿಗೆ ಹತ್ತಿದ ಸುಣ್ಣ ನೋಡಿದಳು. ರಸ್ತೆಯ ಕಡೆಯ ಬಾಗಿಲು ತೆರೆದು, ಹೊರಗೆ ನಿಂತು, ಗಿರಾಕಿಯ ಹಾಗೆ ಒಳಗೆ ಇಣುಕಿದಳು. ಕೊನೆಗೆ ನೆಲದ ಕಲೆಯ ಮುಂದೆ ಕುಳಿತಳು.

"ಇದು ಹೋಗಲ್ಲ."

"ಡೀಸೆಲ್ ಹಾಕಿ ತಿಕ್ಕಿದೆ. ಕಟ್ಟಿಗೆ ಪುಡಿ ಹಾಕಿದೆ."

"ಇರ್ಲಿ ಬಿಡ್ರಿ. ಇಲ್ಲೇ ಒಲಿ ಬರ್ಲಿ, ಮುಚ್ಚಿ ಹೋಗ್ತೈತೆ."

"ಬಕ್ಕೇಶನ ಶೀಟು?"

"ಅವನ ಎಮ್ಮಿ ಮಳ್ಯಾಗೆ ನೆನೀತೈತೆ. ಅದಕ್ಕೆ ಹಾಕ್ಲಿ."

ಅಷ್ಟರಲ್ಲಿ ನನಗೆ ಫೋನ್ ಬಂತು. ಹಯಾತ್ ಸಾಬರು. ಏನು ಹೇಳುತ್ತಿದ್ದಾರೆಂದು ತಿಳಿಯಲಿಲ್ಲ. ಅವರ ದನಿಯ ಹಿಂದೆ, ಆಮೇಲೆ ದನಿಯ ಮುಂದೆ, ಇಂಜಿನ್ ಓಡುತ್ತಿತ್ತು. ಫೋನನ್ನು ಅದಕ್ಕೇ ಹಿಡಿದಿರಬೇಕು. ನಾನು ಅದನ್ನು ಇಬ್ಬರಿಗೂ ಕೇಳುವಂತೆ ಹಿಡಿದೆ. ಎಲ್ಲೂ ತಡವರಿಸದೆ, ಹೊಸದರ ಹಾಗೆ ಓಡುತ್ತಿತ್ತು.

"ಕೇಳಿಸ್ತೇನ್ರೀ ಸಾವ್ಕಾರ್ರೇ?" ಎಂದರು ಹಯಾತ್ ಸಾಬರು. "ಸತ್ತೈತೆ ಅಂದ್ರಲ್ಲ ಎಲ್ರೂ. ನಾಳಿ ಬಂದು ತಗಂಡ್ ಹೋಗ್ರಿ."

ನಾನು ಬಾಯಿ ತೆರೆದೆ. ಏನು ಹೇಳಲಿದ್ದೆನೆಂಬುದು ವಿಶಾಲಾಕ್ಷಿಗೆ ಗೊತ್ತಿತ್ತೆಂದು ತೋರುತ್ತದೆ. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಹಯಾತ್ ಸಾಬ್ರೇ, ನಾನು ವಿಶಾಲಾಕ್ಷಿ. ಅದು ಅಲ್ಲೇ ಇರ್ಲಿ" ಎಂದಳು. "ಇಲ್ಲಿ ಜಾಗ ಇಲ್ಲ."

ಆ ಕಡೆ ಇಂಜಿನ್ ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು.